ಕಟ್ಟದ ಮನೆಗೆ ಇಪ್ಪತ್ತು ಲಕ್ಷ ಮುಂಗಡ ಕೊಡಬಹುದೇ?

ಪ್ರಶ್ನೆ: ನಾನೂ ನನ್ನ ಪತ್ನಿಯೂ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದೇವೆ. ತಿಂಗಳಿಗೆ 30,000 ರೂಪಾಯಿ ಬಾಡಿಗೆ ಕೊಡುತ್ತಿದ್ದೇವೆ. ಥಣಿಸಂದ್ರದ ಕಡೆ ಶುರುವಾಗಲಿರುವ ಅಪಾರ್ಟ್‌ಮೆಂಟೊಂದರಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟನ್ನು ‘ಪ್ರೀ-ಲಾಂಚ್’ ದರದಲ್ಲಿ 85 ಲಕ್ಷಕ್ಕೆ ಕೊಡುತ್ತೇವೆ, ಆದರೆ ಈ ತಿಂಗಳೊಳಗೆ 20 ಲಕ್ಷ ಕಟ್ಟಬೇಕು ಎನ್ನುತ್ತಿದ್ದಾರೆ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಎರಡು ತಿಂಗಳಲ್ಲಿ ಬರುತ್ತದಂತೆ, ಮನೆ ಮೂರು ವರ್ಷದಲ್ಲಿ ಕೈಸೇರುತ್ತದಂತೆ. ಸದ್ಯಕ್ಕೆ ಒಂದು ಲಕ್ಷದ ಚೆಕ್ ಕೊಟ್ಟಿದ್ದೇವೆ. ಅದೇ ರಸ್ತೆಯಲ್ಲಿ ಓಸಿ (ವಾಸಕ್ಕೆ ಅನುಮತಿ ಕೊಡುವ ಸ್ವಾಧೀನಾನುಭವ ಪ್ರಮಾಣಪತ್ರ) ಸಿಕ್ಕಿರುವ, ಬಿಲ್ಡರ್ ಬಳಿಯೇ ಮಾರಾಟವಾಗದೆ ಉಳಿದಿರುವ ಸಿದ್ಧ ಫ್ಲ್ಯಾಟ್ 98 ಲಕ್ಷಕ್ಕೆ ಇದೆ. ಹಾಸನದಲ್ಲಿರುವ ತಂದೆಯವರ ನಿವೃತ್ತಿಯ ಹಣವೂ ಸೇರಿ ನಮ್ಮ ಕೈಯಲ್ಲಿ 25 ಲಕ್ಷವಿದೆ. ಉಳಿದದ್ದಕ್ಕೆ ಸಾಲ ಮಾಡಬೇಕು. 13 ಲಕ್ಷ ಉಳಿಸಲು ಕಟ್ಟದ ಮನೆಯನ್ನು ಕೊಳ್ಳುವುದು ಸರಿಯೇ? ರೇರಾ ಇರುವಾಗ ಹೆದರಬೇಕಾಗಿಲ್ಲ ಎನ್ನುತ್ತಾರೆ, ನಿಜವೇ?

ಉತ್ತರ: ಮೊದಲಿಗೆ ತುರ್ತಿನ ಮಾತು. ಆ 20 ಲಕ್ಷವನ್ನು ಈ ತಿಂಗಳು ಕಟ್ಟಬೇಡಿ. ಯೋಜನೆ ಒಳ್ಳೆಯದೋ ಕೆಟ್ಟದ್ದೋ ಎಂಬ ವಿಚಾರಣೆಗೆ ಹೋಗುವ ಮೊದಲೇ ಈ ಮಾತನ್ನು ಹೇಳಬಹುದು, ಏಕೆಂದರೆ ನಿಮ್ಮಿಂದ ಹಣ ಕೇಳುತ್ತಿರುವ ರೀತಿಯೇ ಕಾನೂನಿಗೆ ಎರಡು ಕಡೆ ವಿರುದ್ಧವಾಗಿದೆ. 2016ರ ರಿಯಲ್ ಎಸ್ಟೇಟ್ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, 500 ಚದರ ಮೀಟರಿಗಿಂತ ಹೆಚ್ಚು ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆಯನ್ನು ಪ್ರಾಧಿಕಾರದಲ್ಲಿ ನೋಂದಾಯಿಸುವ ಮುನ್ನ ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ಮಾಡಿಕೊಳ್ಳುವಂತಿಲ್ಲ, ಕೊಳ್ಳಿರೆಂದು ಯಾರನ್ನೂ ಆಹ್ವಾನಿಸುವಂತಿಲ್ಲ. ಅದನ್ನು ‘ಆಸಕ್ತಿ ಪತ್ರ’ ಎಂದು ಕರೆದರೂ ‘ಇಒಐ’ ಎಂದು ಕರೆದರೂ ವ್ಯತ್ಯಾಸವಾಗುವುದಿಲ್ಲ. ಇನ್ನು 13ನೇ ಸೆಕ್ಷನ್ ಪ್ರಕಾರ, ನೋಂದಾಯಿತ ಯೋಜನೆಯಲ್ಲಿಯೂ, ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಮಾರಾಟದ ಕರಾರುಪತ್ರ ನೋಂದಣಿಯಾಗುವವರೆಗೆ ಬೆಲೆಯ ಶೇಕಡ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ನಿಮ್ಮ ಲೆಕ್ಕದಲ್ಲಿ ಆ ಮಿತಿ ಎಂಟೂವರೆ ಲಕ್ಷ. ಅವರು ಕೇಳುತ್ತಿರುವುದು ಅದರ ಎರಡು ಪಟ್ಟಿಗೂ ಹೆಚ್ಚು.

ನೋಂದಣಿಯಿಲ್ಲದೆ ಮಾರಿದರೆ ಯೋಜನೆಯ ಅಂದಾಜು ವೆಚ್ಚದ ಶೇಕಡ 10ರವರೆಗೆ ದಂಡ ವಿಧಿಸಲು ಅವಕಾಶವಿದೆ. ಇಷ್ಟೊಂದು ಅಪಾಯವನ್ನು ಮೈಮೇಲೆ ಎಳೆದುಕೊಂಡು ಒಬ್ಬ ಬಿಲ್ಡರ್ ಎರಡೇ ತಿಂಗಳ ಹಣಕ್ಕಾಗಿ ಏಕೆ ಆತುರಪಡುತ್ತಾನೆ ಎಂಬುದನ್ನು ಯೋಚಿಸಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ ಬ್ಯಾಂಕುಗಳು ಬಿಲ್ಡರ್‌ಗಳಿಗೆ ಜಮೀನು ಖರೀದಿಗೆ ಸಾಲ ಕೊಡುವಂತಿಲ್ಲ. ಜಮೀನಿನ ಮಾಲೀಕರಿಗೆ ಮುಂಗಡ ಕೊಡುವುದಕ್ಕೆ, ಅನುಮತಿಗಳನ್ನು ಪಡೆಯುವುದಕ್ಕೆ, ಹಳೆಯ ಯೋಜನೆಯ ಬಾಕಿ ತೀರಿಸುವುದಕ್ಕೆ ಬೇಕಾಗುವ ಹಣವನ್ನು ಆತ ಸ್ವಂತದಿಂದ ತರಬೇಕು, ದುಬಾರಿ ಬಡ್ಡಿಗೆ ಖಾಸಗಿಯವರಲ್ಲಿ ಎತ್ತಬೇಕು, ಇಲ್ಲವೇ ನಿಮ್ಮಂಥವರಿಂದ ಪಡೆಯಬೇಕು. ನಿಮ್ಮ ಹಣಕ್ಕೆ ಆತ ಬಡ್ಡಿ ಕೊಡಬೇಕಾಗಿಲ್ಲ, ಅಡಮಾನ ಇಡಬೇಕಾಗಿಲ್ಲ, ಬೆಲೆಯಲ್ಲಿ ಒಂದಷ್ಟು ರಿಯಾಯಿತಿ ತೋರಿಸಿದರೆ ಸಾಕು. ಆ 13 ಲಕ್ಷವನ್ನು ನೀವು ಉಳಿತಾಯ ಎಂದು ಬರೆದಿದ್ದೀರಿ. ನಾನು ಅದನ್ನು ಭದ್ರತೆಯಿಲ್ಲದೆ ನೀವು ಕೊಡುವ ಸಾಲಕ್ಕೆ ಸಿಗುವ ಬಡ್ಡಿ ಎಂದೇ ಓದುತ್ತೇನೆ. ಸಾಲ ಕೊಡುವವನು ಕೇಳುವ ಪ್ರಶ್ನೆಗಳನ್ನೇ ನೀವೂ ಕೇಳಬೇಕು: ಹಣ ಎಲ್ಲಿಗೆ ಹೋಗುತ್ತದೆ, ಅದಕ್ಕೆ ಭದ್ರತೆ ಏನು, ಈ ವ್ಯಕ್ತಿ ಹಿಂದಿನ ಸಾಲಗಳನ್ನು ಹೇಗೆ ತೀರಿಸಿದ್ದಾನೆ, ಮತ್ತು ನನಗೆ ಸಿಗುತ್ತಿರುವ ಬಡ್ಡಿ ಈ ಅಪಾಯಕ್ಕೆ ಸಾಕೇ.

ಕೊನೆಯ ಪ್ರಶ್ನೆಗೆ ಲೆಕ್ಕದಿಂದಲೇ ಉತ್ತರ ಹುಡುಕೋಣ. ಸಾಲದ ಬಡ್ಡಿ ಶೇಕಡ 8.5 ಎಂದು ಇಟ್ಟುಕೊಳ್ಳುತ್ತೇನೆ. ಓಸಿ ಸಿಕ್ಕಿದ ಮನೆಗೆ ಜಿಎಸ್‌ಟಿ ಇಲ್ಲ. ನಿರ್ಮಾಣ ಹಂತದ ಮನೆಗೆ 45 ಲಕ್ಷ ಮೀರಿದ ಬೆಲೆಯಿದ್ದರೆ ಶೇಕಡ 5 ಜಿಎಸ್‌ಟಿ ಇದೆ. ಆದ್ದರಿಂದ 85 ಲಕ್ಷವೆಂಬುದು ನಿಜಕ್ಕೂ 89 ಲಕ್ಷದ 25 ಸಾವಿರ. ಇದರಲ್ಲಿ ನಿಮ್ಮ 25 ಲಕ್ಷ ಮೊದಲು ಹೋಗಿ, ಉಳಿದ 64 ಲಕ್ಷ ಚಿಲ್ಲರೆಯನ್ನು ಬ್ಯಾಂಕು ಮೂರು ವರ್ಷಗಳಲ್ಲಿ ಹಂತಹಂತವಾಗಿ ಬಿಡುಗಡೆ ಮಾಡುತ್ತದೆ. ಸರಾಸರಿ 30 ಲಕ್ಷದ ಮೇಲೆ ಮೂರು ವರ್ಷದ ಬಡ್ಡಿ ಎಂದರೆ ಸುಮಾರು 7.65 ಲಕ್ಷ. ಅಷ್ಟು ಕಾಲ ಬಾಡಿಗೆ 10.8 ಲಕ್ಷ. ಒಟ್ಟು ಹತ್ತಿರಹತ್ತಿರ 108 ಲಕ್ಷ. ಸಿದ್ಧ ಮನೆಗೆ 73 ಲಕ್ಷ ಸಾಲ ಮಾಡಿದರೆ ಮೊದಲ ಮೂರು ವರ್ಷದ ಬಡ್ಡಿ ಸುಮಾರು 18 ಲಕ್ಷ, ಬಾಡಿಗೆ ಇಲ್ಲ, ಒಟ್ಟು 116 ಲಕ್ಷ. ಕರ್ನಾಟಕದಲ್ಲಿ 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇಕಡ 2 ಆಗಿರುವುದರಿಂದ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಎಲ್ಲ ಸೇರಿ ಶೇಕಡ 7.6 ಆಗುತ್ತದೆ. ಬೆಲೆಯ ವ್ಯತ್ಯಾಸದ ಮೇಲೆ ಇದು ಇನ್ನೊಂದು ಲಕ್ಷ. ಅಂದರೆ ಎಲ್ಲವೂ ಹೇಳಿದ ದಿನಕ್ಕೆ ನಡೆದರೆ ನಿಮಗೆ ಉಳಿಯುವುದು 13 ಲಕ್ಷವಲ್ಲ, 9 ಲಕ್ಷದ ಆಸುಪಾಸು. ಕ್ಲಬ್‌ಹೌಸ್, ಪಾರ್ಕಿಂಗ್, ಬೆಸ್ಕಾಂ ಮತ್ತು ಜಲಮಂಡಳಿಯ ಠೇವಣಿ, ನಿರ್ವಹಣಾ ನಿಧಿ ಮುಂತಾದವು 85 ಲಕ್ಷದ ಒಳಗಿವೆಯೋ ಹೊರಗಿವೆಯೋ ಎಂದು ಕೇಳಿದ ಮೇಲೆ ಈ 9 ಕೂಡ ಇಳಿಯಬಹುದು.

ತಡವಾದರೆ ಈ ಉಳಿತಾಯವೆಲ್ಲ ಬೇಗನೆ ಕರಗಿಹೋಗುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಲೆಕ್ಕ ಅಷ್ಟು ಕಠಿಣವಾಗಿಲ್ಲ ಎಂಬುದನ್ನೂ ಹೇಳಬೇಕು. ಮೂರು ವರ್ಷದ ನಂತರ ಪ್ರತಿ ತಿಂಗಳ ವಿಳಂಬಕ್ಕೆ ನಿಮ್ಮ ಜೇಬಿನಿಂದ 45,500 ಬಡ್ಡಿ ಮತ್ತು 30,000 ಬಾಡಿಗೆ ಹೋಗುತ್ತದೆ. ಆದರೆ ಸಿದ್ಧ ಮನೆ ಕೊಂಡಿದ್ದರೂ ಆ ಹೊತ್ತಿಗೆ ತಿಂಗಳಿಗೆ 48,000 ಚಿಲ್ಲರೆ ಬಡ್ಡಿ ಹೋಗುತ್ತಿತ್ತು. ಹೀಗಾಗಿ ವಿಳಂಬದ ನಿವ್ವಳ ಹೊರೆ ತಿಂಗಳಿಗೆ 27,000 ರೂಪಾಯಿ. 9 ಲಕ್ಷ ಕರಗಲು ಎರಡೂವರೆಯಿಂದ ಮೂರು ವರ್ಷ ಬೇಕು. ಆರೆಂಟು ತಿಂಗಳ ತಡ ಬೆಂಗಳೂರಿನಲ್ಲಿ ಯಾರನ್ನೂ ಅಚ್ಚರಿಗೊಳಿಸುವುದಿಲ್ಲ, ಅದು ನಿಮ್ಮನ್ನು ಮುಳುಗಿಸುವುದೂ ಇಲ್ಲ, ತಿಂಗಳಿಗೆ 75,000 ರೂಪಾಯಿ ಎರಡು ಸಂಬಳದಿಂದ ಹೊರಡುವುದನ್ನು ನೀವು ತಾಳಿಕೊಳ್ಳಬಲ್ಲಿರಾದರೆ. ಒಬ್ಬರ ಸಂಬಳ ನಿಂತರೂ ತಾಳಿಕೊಳ್ಳಬಲ್ಲಿರಾ ಎಂಬುದನ್ನು ಮನೆಯಲ್ಲಿ ಕೂತು ಮಾತಾಡಿಕೊಳ್ಳಿ.

ನಿಜವಾಗಿ ಹೆದರಬೇಕಾದದ್ದು ಯೋಜನೆ ಅರ್ಧದಲ್ಲಿ ನಿಂತುಹೋಗುವುದಕ್ಕೆ, ಮತ್ತು ಮುಗಿದರೂ ಓಸಿ ಸಿಗದೆ ಹೋಗುವುದಕ್ಕೆ. 60 ಲಕ್ಷ ಕಟ್ಟಿದ ಮೇಲೆ ಕೆಲಸ ನಿಂತರೆ, ಏಳೆಂಟು ಇಂಥ ಯೋಜನೆಗಳಲ್ಲಿ ಒಂದು ಪೂರ್ತಿ ಮುಳುಗಿದರೂ 9 ಲಕ್ಷದ ಲಾಭ ಸರಾಸರಿಯಲ್ಲಿ ಸೊನ್ನೆಯಾಗುತ್ತದೆ. ಹತ್ತು ಫ್ಲ್ಯಾಟ್ ಕೊಳ್ಳುವ ಹೂಡಿಕೆದಾರನಿಗೆ ಈ ಸರಾಸರಿ ಸರಿಯಾದ ಅಳತೆ. ಜೀವನದಲ್ಲಿ ಒಂದೇ ಮನೆ ಕೊಳ್ಳುವವರಿಗೆ, ಅದರಲ್ಲಿಯೂ ತಂದೆಯ ನಿವೃತ್ತಿಯ ಹಣ ಹಾಕುವವರಿಗೆ ಸರಾಸರಿ ಎಂಬುದಿಲ್ಲ. ಮುಳುಗಿದ ಒಂದು ನಿಮ್ಮದಾಗಿದ್ದರೆ ಉಳಿದ ಏಳು ಯಾರ ಸಮಾಧಾನಕ್ಕೆ? ಹಾಗಾಗಿ ನಿಮ್ಮ ಅಳತೆಗೋಲು ಹೂಡಿಕೆದಾರನದಕ್ಕಿಂತ ಬಿಗಿಯಾಗಿರಬೇಕು.

ಈಗ ರೇರಾ ವಿಚಾರ. ಈ ಕಾಯ್ದೆ ಪೂರ್ಣವಾಗಿ ಜಾರಿಯಾದದ್ದು 2017ರ ಮೇ 1ರಂದು. ಅದಕ್ಕೆ ಮುನ್ನ ಕೊಳ್ಳುವವರ ಸ್ಥಿತಿ ಎಷ್ಟು ಹೀನವಾಗಿತ್ತೆಂಬುದನ್ನು ನೆನೆದರೆ ಇದರ ಉಪಕಾರವನ್ನು ಕಡೆಗಣಿಸುವಂತಿಲ್ಲ. ಆದರೆ ‘ರೇರಾ ಇದೆ’ ಎಂಬ ಮಾತನ್ನು ಜನ ವಿಮೆಯ ಅರ್ಥದಲ್ಲಿ ಬಳಸುತ್ತಾರೆ. ಪ್ರಾಧಿಕಾರ ಯೋಜನೆಗೆ ಖಾತರಿ ಕೊಡುವುದಿಲ್ಲ, ಜಮೀನಿನ ಹಕ್ಕುದಾರಿಕೆಗೂ ಖಾತರಿ ಕೊಡುವುದಿಲ್ಲ. ಬಿಲ್ಡರ್ ಸಲ್ಲಿಸಿದ ಕಾಗದಗಳನ್ನು ಎಲ್ಲರೂ ನೋಡುವಂತೆ ಇಡಿಸುತ್ತದೆ, ಮಾತಿಗೆ ತಪ್ಪಿದಾಗ ದೂರು ಕೇಳುತ್ತದೆ.

ಬಹಳವಾಗಿ ತಪ್ಪು ತಿಳಿವಳಿಕೆ ಇರುವುದು ಶೇಕಡ 70ರ ಖಾತೆಯ ಬಗ್ಗೆ. ಗ್ರಾಹಕರಿಂದ ಬಂದ ಹಣದ ಶೇಕಡ 70 ಭಾಗವನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಟ್ಟು, ಎಂಜಿನಿಯರ್, ವಾಸ್ತುಶಿಲ್ಪಿ ಮತ್ತು ಚಾರ್ಟರ್ಡ್ ಅಕೌಂಟೆಂಟ್ ಮೂವರೂ ಪ್ರಮಾಣೀಕರಿಸಿದ ಮೇಲೆ, ಕೆಲಸ ಎಷ್ಟು ಮುಗಿದಿದೆಯೋ ಅಷ್ಟರ ಪ್ರಮಾಣದಲ್ಲಿ ಮಾತ್ರ ತೆಗೆಯಬೇಕೆಂಬುದು ನಿಯಮ. ಒಳ್ಳೆಯ ನಿಯಮವೇ. ಆದರೆ ಅದೇ ಖಾತೆಯಿಂದ ಜಮೀನಿನ ವೆಚ್ಚವನ್ನೂ ತೆಗೆಯಬಹುದೆಂದು ಕಾಯ್ದೆಯೇ ಹೇಳುತ್ತದೆ, ಉಳಿದ ಶೇಕಡ 30ರ ಮೇಲೆ ಇಂಥ ನಿರ್ಬಂಧವಿಲ್ಲ, ಮತ್ತು ಪ್ರಮಾಣಪತ್ರ ಕೊಡುವ ಮೂವರಿಗೂ ಶುಲ್ಕ ಕೊಡುವವನು ಬಿಲ್ಡರ್. ಮಹಾನಗರದಲ್ಲಿ ಯೋಜನೆಯೊಂದರ ವೆಚ್ಚದಲ್ಲಿ ಜಮೀನಿನ ಪಾಲು ಎಷ್ಟು ದೊಡ್ಡದೆಂದು ನಿಮಗೆ ಗೊತ್ತಿದೆ. ನೋಂದಣಿಗೆ ಮುನ್ನ ಕೊಟ್ಟ 20 ಲಕ್ಷವಂತೂ ಈ ಖಾತೆಯನ್ನು ಮುಟ್ಟುವುದೇ ಇಲ್ಲ, ಏಕೆಂದರೆ ನೋಂದಣಿಯಾಗದ ಯೋಜನೆಗೆ ಅಂಥ ಖಾತೆಯೇ ಇರುವುದಿಲ್ಲ.

ವಿಳಂಬವಾದರೆ 18ನೇ ಸೆಕ್ಷನ್ ನಿಮಗೆ ಎರಡು ದಾರಿ ಕೊಡುತ್ತದೆ: ಯೋಜನೆಯಿಂದ ಹೊರಬಂದು ಬಡ್ಡಿಸಮೇತ ಹಣ ಹಿಂದಕ್ಕೆ ಪಡೆಯುವುದು, ಅಥವಾ ಒಳಗೇ ಉಳಿದು ಮನೆ ಕೈಸೇರುವವರೆಗೆ ತಿಂಗಳ ಬಡ್ಡಿ ಪಡೆಯುವುದು. ಕರ್ನಾಟಕದ ನಿಯಮದಲ್ಲಿ ಈ ಬಡ್ಡಿ ಸ್ಟೇಟ್ ಬ್ಯಾಂಕು ಸಾಲಗಳಿಗೆ ಆಧಾರವಾಗಿ ಇಟ್ಟುಕೊಳ್ಳುವ ಗರಿಷ್ಠ ಎಂಸಿಎಲ್‌ಆರ್ ದರಕ್ಕೆ ಶೇಕಡ 2 ಸೇರಿಸಿದಷ್ಟು. ಹಣ ಹಿಂದಕ್ಕೆ ಕೇಳುವ ಹಕ್ಕಿಗೆ ಯಾವ ಷರತ್ತೂ ಇಲ್ಲವೆಂದು ಸುಪ್ರೀಂ ಕೋರ್ಟು 2021ರ ನವೆಂಬರಿನಲ್ಲಿ ನ್ಯೂಟೆಕ್ ಪ್ರಮೋಟರ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಕಾಗದದ ಮೇಲೆ ಇದಕ್ಕಿಂತ ಬಲವಾದ ಹಕ್ಕು ಬೇಕಿಲ್ಲ. ಸಂಕಟ ಇರುವುದು ಆದೇಶದ ನಂತರ. ಬಿಲ್ಡರ್ ಕೊಡದಿದ್ದರೆ ಆ ಮೊತ್ತವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬೇಕು. ಪ್ರಾಧಿಕಾರ ವಸೂಲಾತಿ ಪತ್ರ ಹೊರಡಿಸುತ್ತದೆ, ಅದು ಜಿಲ್ಲಾಧಿಕಾರಿಯ ಕಚೇರಿಗೆ, ಅಲ್ಲಿಂದ ತಹಶೀಲ್ದಾರರ ಮೇಜಿಗೆ ಹೋಗುತ್ತದೆ. ಜಪ್ತಿ ಮಾಡಲು ಆ ಕಂಪನಿಯ ಹೆಸರಿನಲ್ಲಿ ಆಸ್ತಿ ಉಳಿದಿರಬೇಕು. ಆದೇಶ ಗೆದ್ದು, ಹಣಕ್ಕಾಗಿ ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸುತ್ತಿರುವವರು ನನ್ನ ಬಳಿ ಬರುವ ಕಕ್ಷಿದಾರರಲ್ಲಿ ಕಡಿಮೆಯಿಲ್ಲ. ಬ್ಯಾಂಕಿನ ಕಂತು ಮಾತ್ರ ಈ ಅವಧಿಯಲ್ಲಿ ಒಂದು ತಿಂಗಳೂ ನಿಲ್ಲುವುದಿಲ್ಲ, ಏಕೆಂದರೆ ಸಾಲದ ಒಪ್ಪಂದ ಇರುವುದು ನಿಮಗೂ ಬ್ಯಾಂಕಿಗೂ ನಡುವೆ.

ಕಂಪನಿ ದಿವಾಳಿಯಾದರೆ ಮತ್ತೊಂದು ಅಧ್ಯಾಯ. 2018ರ ತಿದ್ದುಪಡಿಯಿಂದ ಮನೆ ಕೊಂಡವರನ್ನು ದಿವಾಳಿ ಸಂಹಿತೆಯಲ್ಲಿ ಹಣಕಾಸು ಸಾಲದಾತರೆಂದು ಪರಿಗಣಿಸಲಾಗುತ್ತದೆ. 2020ರಿಂದೀಚೆಗೆ ಅಂಥ ಅರ್ಜಿ ಹಾಕಲು ಅದೇ ಯೋಜನೆಯ ನೂರು ಮಂದಿ ಅಥವಾ ಒಟ್ಟು ಖರೀದಿದಾರರ ಶೇಕಡ 10ರಷ್ಟು ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಒಟ್ಟಾಗಬೇಕು. ಅರ್ಜಿ ಅಂಗೀಕಾರವಾದೊಡನೆ ಉಳಿದ ವಸೂಲಾತಿಗಳಿಗೆ ತಡೆ ಬೀಳುತ್ತದೆ. ಜಮೀನನ್ನು ಅಡವಿಟ್ಟುಕೊಂಡ ಬ್ಯಾಂಕಿಗಿರುವ ಭದ್ರತೆ ನಿಮಗಿರುವುದಿಲ್ಲ. ನೊಯಿಡಾದ ಆಮ್ರಪಾಲಿ ಪ್ರಕರಣ ಇದರ ತೀವ್ರ ರೂಪ. 40 ಸಾವಿರಕ್ಕೂ ಹೆಚ್ಚು ಕುಟುಂಬಗಳ ಹಣ ಬೇರೆ ಬೇರೆ ಕಂಪನಿಗಳಿಗೆ ಹರಿದುಹೋಗಿತ್ತು. ಸುಪ್ರೀಂ ಕೋರ್ಟು 2019ರ ಜುಲೈ 23ರಂದು ಆ ಸಮೂಹದ ರೇರಾ ನೋಂದಣಿ ರದ್ದುಪಡಿಸಿ, ಮನೆಗಳನ್ನು ಮುಗಿಸುವ ಕೆಲಸವನ್ನು ಸರ್ಕಾರಿ ಸ್ವಾಮ್ಯದ ಎನ್‌ಬಿಸಿಸಿಗೆ ಒಪ್ಪಿಸಿತು. ದೇಶದ ಅತ್ಯುನ್ನತ ನ್ಯಾಯಾಲಯವೇ ಮೇಲೆ ನಿಂತು ನೋಡಿಕೊಂಡರೂ ಕೀಲಿಕೈ ಸಿಗಲು ಜನ ವರ್ಷಗಟ್ಟಲೆ ಕಾದರು. ಎಲ್ಲ ಯೋಜನೆಗೂ ಅಂಥ ಮೇಲ್ವಿಚಾರಣೆ ದೊರೆಯುವುದಿಲ್ಲ. ರೇರಾ ಕಾಯ್ದೆಯ 8ನೇ ಸೆಕ್ಷನ್, ನೋಂದಣಿ ರದ್ದಾದ ಯೋಜನೆಯನ್ನು ಮುಗಿಸುವ ಮೊದಲ ಅವಕಾಶ ಕೊಂಡವರ ಸಂಘಕ್ಕೆ ಸಿಗಬೇಕೆನ್ನುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಅದಕ್ಕೆ ಪ್ರತಿಯೊಬ್ಬರೂ ಮತ್ತೆ ಹಣ ಹಾಕಬೇಕಾಗುತ್ತದೆ.

ಇಷ್ಟು ಹೇಳಿದ ಮೇಲೂ, ನಿರ್ಮಾಣ ಹಂತದ ಮನೆಯನ್ನು ಕೊಳ್ಳಲೇಬಾರದೆಂಬುದು ನನ್ನ ಅಭಿಪ್ರಾಯವಲ್ಲ. ಬೆಂಗಳೂರಿನಲ್ಲಿ ಇಂದು ನೆಮ್ಮದಿಯಿಂದಿರುವ ಸಾವಿರಾರು ಕುಟುಂಬಗಳು ಹಾಗೆಯೇ ಕೊಂಡವು. ಆದರೆ ಅಪಾಯ ಎಲ್ಲ ಹಂತದಲ್ಲಿಯೂ ಒಂದೇ ಪ್ರಮಾಣದಲ್ಲಿರುವುದಿಲ್ಲ, ಬೆಲೆ ಮಾತ್ರ ನಿಧಾನವಾಗಿ ಏರುತ್ತದೆ. ಅನುಮತಿ ಬರುವ ಮುನ್ನ, ಜಮೀನು, ನಕ್ಷೆ, ಹಣ, ಮಾರುಕಟ್ಟೆ ಎಲ್ಲವೂ ಅನಿಶ್ಚಿತ. ನಕ್ಷೆ ಮಂಜೂರಾಗಿ, ಆರಂಭ ಪ್ರಮಾಣಪತ್ರ ಸಿಕ್ಕಿ, ರೇರಾ ಸಂಖ್ಯೆ ಬಂದ ಮೇಲೆ ಅದರಲ್ಲಿ ಎರಡು ಕಳೆಯುತ್ತವೆ. ಕೊನೆಯ ಮಹಡಿಯ ಸ್ಲ್ಯಾಬ್ ಬಿದ್ದು, ಗೋಡೆ-ಪ್ಲಾಸ್ಟರಿಂಗ್ ನಡೆಯುತ್ತಿರುವಾಗ ಕೊಂಡರೆ ಯೋಜನೆ ನಿಂತುಹೋಗುವ ಭಯ ಬಹುಮಟ್ಟಿಗೆ ಇಳಿದಿರುತ್ತದೆ. ಆ ಹೊತ್ತಿಗೆ ಸಿದ್ಧ ಮನೆಗಿಂತ ಐದಾರು ಲಕ್ಷದ ವ್ಯತ್ಯಾಸವಷ್ಟೇ ಉಳಿದಿದ್ದರೂ, ಬಾಡಿಗೆ ಕಟ್ಟುವ ತಿಂಗಳುಗಳೂ ಅರ್ಧಕ್ಕಿಳಿದಿರುತ್ತವೆ. ನನ್ನನ್ನು ಕೇಳಿದರೆ, ನಿಮ್ಮಂಥ ಕುಟುಂಬಕ್ಕೆ ಸಿದ್ಧ ಮನೆ ಎಟುಕದಿದ್ದಲ್ಲಿ, ಕೊಳ್ಳಲು ಸರಿಯಾದ ಹೊತ್ತು ಇದೇ.

ಹಾಗೆ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಜಮೀನು. ಥಣಿಸಂದ್ರದ ಸುತ್ತಲಿನ ನೆಲ ಒಂದೆರಡು ತಲೆಮಾರಿನ ಹಿಂದೆ ಹೊಲ, ತೋಟ, ಕೆರೆಯ ಅಂಚು. ಹೀಗಾಗಿ ಇಲ್ಲಿ ಹಕ್ಕುದಾರಿಕೆಯ ಇತಿಹಾಸ ಪಹಣಿ ಮತ್ತು ಮ್ಯುಟೇಷನ್‌ಗಳಲ್ಲಿ ಅಡಗಿರುತ್ತದೆಯೇ ಹೊರತು ಬ್ರೋಷರ್‌ನಲ್ಲಿ ಅಲ್ಲ. ಬಹುಪಾಲು ಯೋಜನೆಗಳು ಜಂಟಿ ಅಭಿವೃದ್ಧಿ ಒಪ್ಪಂದದ ಮೇಲೆ ನಡೆಯುತ್ತವೆ. ಜಮೀನು ರೈತ ಕುಟುಂಬದ್ದು, ಕಟ್ಟುವವನು ಬಿಲ್ಡರ್, ಮನೆಗಳನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ನಿಮಗೆ ತೋರಿಸುತ್ತಿರುವ ಫ್ಲ್ಯಾಟ್ ಯಾರ ಪಾಲಿನದ್ದು, ಅದನ್ನು ಮಾರುವ ಅಧಿಕಾರಪತ್ರ ನೋಂದಣಿಯಾಗಿದೆಯೇ ಎಂದು ಕೇಳಿ. ಕಟ್ಟುವವನು ಬೇರೆ, ಮಾರುವವನು ಬೇರೆಯಾದಾಗ ಇಬ್ಬರನ್ನೂ ಕಾಯ್ದೆ ಪ್ರವರ್ತಕರೆಂದೇ, ಅಂದರೆ ಯೋಜನೆಗೆ ಹೊಣೆಗಾರರೆಂದೇ, ಎಣಿಸುತ್ತದೆ ಎಂಬುದು ನಿಮ್ಮ ಪರವಾಗಿರುವ ಅಂಶ.

ಕುಟುಂಬದ ಒಪ್ಪಂದಕ್ಕೆ ಯಾರೆಲ್ಲ ಸಹಿ ಹಾಕಿದ್ದಾರೆ ಎಂಬುದನ್ನು ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡುತ್ತೇನೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿಯೇ ಜಾರಿಗೆ ತಂದಿತ್ತು, ಕೇಂದ್ರದ ತಿದ್ದುಪಡಿ 2005ರಲ್ಲಿ ಬಂತು, 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದೆಂದು ಸಾರಿತು. ಆದರೂ ಅಣ್ಣತಮ್ಮಂದಿರು ಮಾತ್ರ ಸಹಿ ಹಾಕಿ, ಮದುವೆಯಾಗಿ ಹೋದ ಅಕ್ಕತಂಗಿಯರನ್ನು ವಂಶವೃಕ್ಷದಲ್ಲಿ ಬಿಟ್ಟುಬಿಟ್ಟ ಒಪ್ಪಂದಗಳನ್ನು ಇಂದಿಗೂ ಕಾಣುತ್ತೇನೆ. ಕಟ್ಟಡ ಐದನೇ ಮಹಡಿಗೆ ಬಂದಾಗ ಆ ಅಕ್ಕ ವಿಭಾಗದ ದಾವೆ ಹೂಡಿದರೆ, ತಡೆಯಾಜ್ಞೆಯ ಹೊರೆ ಬೀಳುವುದು ನಿಮ್ಮ ಮೇಲೆ. ಆಕೆಯದು ತಪ್ಪೆಂದು ನಾನು ಹೇಳಲಾರೆ. ಅದೇ ರೀತಿ, ಜಮೀನು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ, 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿಯಿಲ್ಲದ ಮಾರಾಟ ಊರ್ಜಿತವಲ್ಲ. 2023ರ ತಿದ್ದುಪಡಿಯ ನಂತರ ಅಂಥ ಜಮೀನನ್ನು ಮರಳಿ ಕೇಳಲು ಕಾಲಮಿತಿಯೂ ಇಲ್ಲ. ಭೂಪರಿವರ್ತನೆ ಆದೇಶ, ರಾಜಕಾಲುವೆಯ ಮೀಸಲು ಅಂಚು, 30 ವರ್ಷಗಳ ಋಣಭಾರ ಪತ್ರ ಇವನ್ನು ನಿಮ್ಮದೇ ವಕೀಲರಿಂದ ನೋಡಿಸಿ. ‘ಇಂಥ ಬ್ಯಾಂಕು ನಮ್ಮ ಯೋಜನೆಗೆ ಅನುಮೋದನೆ ಕೊಟ್ಟಿದೆ’ ಎಂಬ ಮಾತು ಇದಕ್ಕೆ ಬದಲಾಗದು. ಬ್ಯಾಂಕು ತನ್ನ ಸಾಲದ ದೃಷ್ಟಿಯಿಂದ ನೋಡಿರುತ್ತದೆ, ನಿಮಗೆ ಅದು ಯಾವ ಹೊಣೆಯನ್ನೂ ಬರೆದುಕೊಡುವುದಿಲ್ಲ.

ಜಮೀನಿನ ಮೇಲೆ ಬಿಲ್ಡರ್ ಸಾಲ ತೆಗೆದಿದ್ದರೆ ಅದು ಸಾಮಾನ್ಯವಾಗಿ ಋಣಭಾರ ಪತ್ರದಲ್ಲಿಯೂ, ಕಂಪನಿಯಾಗಿದ್ದರೆ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿಯೂ ಕಾಣಿಸುತ್ತದೆ. ಸಾಲ ಇರುವುದೇ ದೋಷವಲ್ಲ. ನಿಮ್ಮ ಫ್ಲ್ಯಾಟ್ ಸಂಖ್ಯೆಯನ್ನು ಹೆಸರಿಸಿ ಆ ಸಾಲದಾತನಿಂದ ನಿರಾಕ್ಷೇಪಣಾ ಪತ್ರ ತಂದುಕೊಡದೆ ಇರುವುದು ದೋಷ.

ಕರ್ನಾಟಕದ ರೇರಾ ಪ್ರಾಧಿಕಾರದ (ಕೆ-ರೇರಾ) ಜಾಲತಾಣದಲ್ಲಿ ಆ ಯೋಜನೆಯನ್ನಷ್ಟೇ ನೋಡಿ ಮುಗಿಸಬೇಡಿ. ಅದೇ ಪ್ರವರ್ತಕರ ಹಿಂದಿನ ಯೋಜನೆಗಳನ್ನು ತೆರೆದು ನೋಡಿ. ಮೂರು ತಿಂಗಳಿಗೊಮ್ಮೆ ಪ್ರಗತಿ ವರದಿ ಹಾಕಬೇಕೆಂಬ ನಿಯಮವನ್ನು ಪಾಲಿಸಿದ್ದಾರೆಯೇ, ಮುಗಿಸುವ ದಿನಾಂಕವನ್ನು ಎಷ್ಟು ಬಾರಿ ಮುಂದೂಡಿದ್ದಾರೆ, ಎಷ್ಟು ದೂರುಗಳಿವೆ, ಕೊನೆಗೆ ಓಸಿ ಬಂದಿದೆಯೇ ಎಂಬುದು ಅಲ್ಲಿ ಸಿಗುತ್ತದೆ. ಮಾರಾಟದ ಹುಡುಗ ‘ಮೂರು ವರ್ಷ’ ಎಂದರೂ ಪ್ರಾಧಿಕಾರಕ್ಕೆ ಕೊಟ್ಟಿರುವ ದಿನಾಂಕ ಐದು ವರ್ಷ ಮುಂದಿರಬಹುದು. ಕರಾರಿನಲ್ಲಿ ಯಾವ ದಿನಾಂಕವಿದೆಯೋ ಅದರಿಂದಲೇ ವಿಳಂಬ ಲೆಕ್ಕಕ್ಕೆ ಬರುತ್ತದೆ. ಸಾಧ್ಯವಾದರೆ ಒಂದು ಭಾನುವಾರ ಅವರ ಹಳೆಯ ಅಪಾರ್ಟ್‌ಮೆಂಟಿಗೆ ಹೋಗಿ ಸಂಘದ ಕಾರ್ಯದರ್ಶಿಯೊಡನೆ ಹತ್ತು ನಿಮಿಷ ಮಾತಾಡಿ. ಯಾವ ಕಾಗದವೂ ಹೇಳದಿರುವುದನ್ನು ಅವರು ಹೇಳುತ್ತಾರೆ, ಬಹಳ ಸಲ ನೀವು ಕೇಳದಿದ್ದರೂ.

ಓಸಿಯ ಬಗ್ಗೆ ಎರಡು ಮಾತು. ಮಂಜೂರಾದ ನಕ್ಷೆಯನ್ನು ಮೀರಿ ಕಟ್ಟಿದರೆ ಅದು ಸಿಗುವುದಿಲ್ಲ. ಹಿಂದೆಲ್ಲ ಓಸಿ ಇಲ್ಲದೆಯೇ ಜನ ಸಂಸಾರ ಹೂಡಿ, ವಿದ್ಯುತ್ ಪಡೆದು ನಿಶ್ಚಿಂತರಾಗಿದ್ದರು. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಅಂಥ ಕಟ್ಟಡಗಳಿಗೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದೆಂದೂ ಬ್ಯಾಂಕುಗಳು ಓಸಿ ನೋಡಿಯೇ ಸಾಲ ಕೊಡಬೇಕೆಂದೂ ಹೇಳಿತು. ನಮ್ಮಲ್ಲಿ 2025ರಲ್ಲಿ ಸಂಪರ್ಕ ಸಿಗದೆ ಪರದಾಡಿದವರ ಸುದ್ದಿಯನ್ನು ನೀವೂ ಓದಿರಬೇಕು. ಆದ್ದರಿಂದ ಕರಾರಿನಲ್ಲಿ ಸ್ವಾಧೀನವೆಂದರೆ ಓಸಿ ಸಹಿತ ಸ್ವಾಧೀನವೆಂದೇ ಬರೆಸಿ, ಕೊನೆಯ ಕಂತನ್ನು ಅದಕ್ಕೇ ಕಟ್ಟಿಹಾಕಿ. ಓಸಿ ಬಂದ ಎರಡು ತಿಂಗಳೊಳಗೆ ಮನೆ ವಹಿಸಿಕೊಳ್ಳುವುದು ನಿಮ್ಮ ಕರ್ತವ್ಯ. ಅದು ಬರುವ ಮುನ್ನ ‘ಒಳಾಂಗಣ ಕೆಲಸಕ್ಕೆ ಕೀ ತೆಗೆದುಕೊಳ್ಳಿ’ ಎಂದು ಕರೆದರೆ ಹೋಗಬೇಡಿ.

ಕಂತುಗಳು ಕಟ್ಟಡದ ಹಂತಕ್ಕೆ ತಕ್ಕಂತಿರಲಿ, ಕ್ಯಾಲೆಂಡರಿಗೆ ತಕ್ಕಂತಲ್ಲ. ‘ಈಗ ಶೇಕಡ 10 ಕೊಡಿ, ಸ್ವಾಧೀನದವರೆಗೆ ಇಎಂಐ ನಾವು ಕಟ್ಟುತ್ತೇವೆ’ ಎಂಬ ಯೋಜನೆಯೊಂದಿದೆ. ಅದರಲ್ಲಿ ಸಾಲ ನಿಮ್ಮ ಹೆಸರಿನಲ್ಲಿ ಹೊರಟು ಬಹುಪಾಲು ಒಮ್ಮೆಗೇ ಬಿಲ್ಡರ್ ಕೈಸೇರುತ್ತದೆ, ಆತ ಇಎಂಐ ನಿಲ್ಲಿಸಿದ ತಿಂಗಳಿನಿಂದ ನೋಟಿಸು ನಿಮಗೆ ಬರುತ್ತದೆ. ರಿಸರ್ವ್ ಬ್ಯಾಂಕು 2013ರಲ್ಲಿಯೇ ಸಾಲದ ಬಿಡುಗಡೆಯನ್ನು ನಿರ್ಮಾಣದ ಹಂತಕ್ಕೆ ಜೋಡಿಸಬೇಕೆಂದು ಸೂಚಿಸಿತ್ತು, 2019ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕು ಗೃಹಸಾಲ ಕಂಪನಿಗಳಿಗೆ ಇಂಥದ್ದರಿಂದ ದೂರವಿರಲು ಹೇಳಿತು. ಇಂಥ ಸಾಲಗಳಲ್ಲಿ ಬಿಲ್ಡರ್ ಮತ್ತು ಬ್ಯಾಂಕುಗಳು ಕೈಜೋಡಿಸಿದ್ದವೆಂಬ ಆರೋಪದ ಮೇಲೆ 2025ರಲ್ಲಿ ಸುಪ್ರೀಂ ಕೋರ್ಟು ಸಿಬಿಐ ತನಿಖೆಗೆ ಒಪ್ಪಿಸಿದ ಪ್ರಕರಣಗಳು ದೆಹಲಿಯ ಆಸುಪಾಸಿನವಷ್ಟೇ ಅಲ್ಲ, ಬೆಂಗಳೂರಿನವೂ ಇವೆ.

ತೆರಿಗೆಯ ವಿಷಯ ಚಿಕ್ಕದು. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ನಿರ್ಮಾಣ ಕಾಲದ ಬಡ್ಡಿಯನ್ನು ಮನೆ ಮುಗಿದ ವರ್ಷದಿಂದ ಐದು ಸಮಕಂತುಗಳಲ್ಲಿ ತೋರಿಸಬಹುದು. ಆದರೆ ಸಾಲ ಪಡೆದ ಆರ್ಥಿಕ ವರ್ಷದ ಕೊನೆಯಿಂದ ಐದು ವರ್ಷದೊಳಗೆ ಮನೆ ಮುಗಿಯದಿದ್ದರೆ ವಾಸದ ಮನೆಯ ಬಡ್ಡಿಯ ಮೇಲಿನ 2 ಲಕ್ಷದ ವಿನಾಯಿತಿ 30,000ಕ್ಕೆ ಇಳಿಯುತ್ತದೆ. ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಗೆ ಈ ವಿನಾಯಿತಿಯೇ ಇಲ್ಲ. 50 ಲಕ್ಷ ಅಥವಾ ಅದಕ್ಕೂ ಹೆಚ್ಚಿನ ಬೆಲೆಯಾದ್ದರಿಂದ ಯಾವ ಮನೆ ಕೊಂಡರೂ ಪ್ರತಿ ಪಾವತಿಯಲ್ಲಿ ಶೇಕಡ 1 ಟಿಡಿಎಸ್ (ಮೂಲದಲ್ಲಿಯೇ ಕಡಿಯುವ ತೆರಿಗೆ) ಕಡಿದು ನೀವೇ ಸರ್ಕಾರಕ್ಕೆ ಕಟ್ಟಬೇಕು.

ಹಾಗಾದರೆ ನೀವೇನು ಮಾಡಬೇಕು? 98 ಲಕ್ಷದ ಸಿದ್ಧ ಮನೆಯ ಕಡೆಗೇ ನನ್ನ ಒಲವು. ಓಸಿ ಇಡೀ ಕಟ್ಟಡದ್ದೋ ಭಾಗಶಃ ಓಸಿಯೋ, ಅದರಲ್ಲಿ ನಿಮ್ಮ ಮಹಡಿ ಸೇರಿದೆಯೋ ನೋಡಿ, ಇ-ಖಾತಾ ಕೇಳಿ, ಕಾರ್ಪೆಟ್ ಏರಿಯಾವನ್ನು ಟೇಪು ಹಿಡಿದು ಅಳೆಯಿರಿ. ಮೇಲೆ ಹೇಳಿದ ಜಮೀನಿನ ಕಾಗದಗಳ ಪರೀಕ್ಷೆ ಅದಕ್ಕೂ ಬೇಕು. ಮಾರಾಟವಾಗದೆ ಉಳಿದ ಮನೆಗೆ ಬಿಲ್ಡರ್ ನಿರ್ವಹಣಾ ಶುಲ್ಕ ಕಟ್ಟುತ್ತಿರುತ್ತಾನೆ, ಆದ್ದರಿಂದ ಬೆಲೆಯಲ್ಲಿ ಮೂರು ನಾಲ್ಕು ಲಕ್ಷ ಇಳಿಯುವಂತೆ ಕೇಳುವುದು ಅತಿಯಲ್ಲ. ಇಳಿದರೆ ನಿಮ್ಮ 9 ಲಕ್ಷದ ವ್ಯತ್ಯಾಸ ಐದಾರಕ್ಕೆ ಬರುತ್ತದೆ. ಮುದ್ರಾಂಕ ಮತ್ತು ನೋಂದಣಿಯ ಏಳು ಲಕ್ಷ ಚಿಲ್ಲರೆಗೆ ಬ್ಯಾಂಕು ಸಾಲ ಕೊಡುವುದಿಲ್ಲವಾದ್ದರಿಂದ ಅದನ್ನು ಮೊದಲೇ ಹೊಂದಿಸಿಕೊಳ್ಳಬೇಕು. ಅದು ಆಗದಿದ್ದರೆ, ಸ್ಲ್ಯಾಬ್‌ಗಳು ಮುಗಿದ ನೋಂದಾಯಿತ ಯೋಜನೆಯೊಂದನ್ನು ಹುಡುಕಿ.

ಕೊಟ್ಟಿರುವ ಒಂದು ಲಕ್ಷದ ಚೆಕ್ ಇನ್ನೂ ನಗದಾಗಿಲ್ಲವಾದರೆ ಇಂದೇ ಬ್ಯಾಂಕಿಗೆ ಪಾವತಿ ತಡೆಯುವ ಸೂಚನೆ ಕೊಟ್ಟು, ಅದೇ ದಿನ ಆ ಸಂಸ್ಥೆಗೂ ಕಾರಣವನ್ನು ಬರೆದು ತಿಳಿಸಿ. ಖಾತೆಯಲ್ಲಿ ಹಣವಿರುವಾಗಲೇ ಹೀಗೆ ಮಾಡಬೇಕು, ಇಲ್ಲವಾದರೆ ಚೆಕ್ ಅಮಾನ್ಯದ ತಕರಾರು ಎದ್ದೀತು. ನಗದಾಗಿದ್ದರೆ, ಯೋಜನೆ ರೇರಾದಲ್ಲಿ ನೋಂದಣಿಯಾಗಿಲ್ಲದ ಕಾರಣ ಬುಕಿಂಗ್ ಮುಂದುವರಿಸಲು ಇಚ್ಛೆಯಿಲ್ಲ, ಹಣವನ್ನು ಹದಿನೈದು ದಿನದೊಳಗೆ ಹಿಂದಿರುಗಿಸಿ ಎಂದು ಇಮೇಲ್ ಮತ್ತು ನೋಂದಾಯಿತ ಅಂಚೆ ಎರಡರಲ್ಲಿಯೂ ಬರೆಯಿರಿ. ಅವರು ಕಳಿಸಿದ ದರಪಟ್ಟಿ, ವಾಟ್ಸ್‌ಆ್ಯಪ್ ಸಂದೇಶ, ರಸೀದಿ ಯಾವುದನ್ನೂ ಅಳಿಸಬೇಡಿ. ನೋಂದಣಿಯಾಗದ ಯೋಜನೆಗಳ ಮೇಲಿನ ದೂರನ್ನೂ ಕೆ-ರೇರಾ ತೆಗೆದುಕೊಳ್ಳುತ್ತದೆ, ಮತ್ತು ಇಂಥ ದೂರಿನಲ್ಲಿ ಜಾಹೀರಾತಿನ ಆ ಸಂದೇಶಗಳೇ ನಿಮ್ಮ ಮುಖ್ಯ ಸಾಕ್ಷ್ಯ.